ಹೆಬ್ಬೆರಳಿನ ಮನಸ್ಸು ಓದಿದ ಗೋಂದಕ್ಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಹಡಿಯ ಕೋಣೆಯಲ್ಲಿ ಗೋಂದಕ್ಕ ಆಗಲೇ ಒಬ್ಬರ ಕೂದಲು ಬಿಡಿಸಿ, ಅಳತೆಪಟ್ಟಿ ಹಿಡಿದು, ನೆತ್ತಿಯ ಮೇಲೆ ಪೆನ್ಸಿಲ್‌ನಿಂದ ಗುರುತು ಹಾಕುತ್ತಿದ್ದಾರೆ. ಪ್ರತಿ ಗುರುತಿಗೂ ಚಿಟಿಕೆಯಷ್ಟು ಅಂಟು, ಅದರ ಮೇಲೊಂದು ವೈರು. ತಲೆಗೆ ಇಪ್ಪತ್ತೊಂದು ವೈರು, ದಿನಕ್ಕೆ ಐದು ತಲೆ, ಇಪ್ಪತ್ಮೂರು ವರ್ಷದಿಂದ ಇದೇ ಕೆಲಸ. ಅಂಟಿನಿಂದಾಗಿ ಬಿದ್ದ ಅಡ್ಡಹೆಸರೇ ಈಗ ಹೆಸರಾಗಿದೆ. "ಮನೇಲಿ ಮಗಳಿಗೆ ಜಡೆ ಹಾಕೋಕೆ ಹೋದ್ರೆ ಮಾತ್ರ, ಬೇಡಮ್ಮ ತಾಯಿ ಅಂತ ಓಡ್ತಾಳೆ," ಎಂದು ನಗುತ್ತಾರೆ.

ಮಿದುಳಿನ ವಿದ್ಯುತ್ತನ್ನು ಪರದೆಗೆ ಇಳಿಸುವುದು ಅವರ ಕಸುಬು. ನಾವಾಗಿಯೇ ಬೆರಳು ಎತ್ತುವುದಕ್ಕೆ ಸೆಕೆಂಡಿನಷ್ಟು ಮೊದಲೇ ಮಿದುಳಿನಲ್ಲಿ ಒಂದು ಅಲೆ ಮೆಲ್ಲಗೆ ಏಳುತ್ತದೆ. ಬೆರಳು ಸೆಳೆತಕ್ಕೆ ಅದುರಿದರೆ ಆ ಅಲೆ ಕಾಣದು. ಹಾಗಾದರೆ ಮನಸ್ಸು ಮಾಡಿದ್ದು ನಾವೋ ಮಿದುಳೋ ಎಂದು ಪಂಡಿತರು ಇನ್ನೂ ಕಿತ್ತಾಡುತ್ತಿದ್ದಾರೆ. ಕಿತ್ತಾಡಲಿ ಬಿಡಿ! ಗೋಂದಕ್ಕ ಅದೇ ಅಲೆ ಹಿಡಿದು ಒಬ್ಬ ಮನುಷ್ಯನನ್ನು ಹುಡುಕಿ ತೆಗೆದಿದ್ದಾರೆ.

ಕೆಲಸ ಕಲಿತದ್ದು ಎಡವಿಯೇ. ಹೊಸತರಲ್ಲಿ, ಈ ಅಲೆಯ ಪ್ರಯೋಗಕ್ಕೆ ಬಂದವರು ತಮಗೆ ಮನಸ್ಸಾದಾಗ ಒಂದು ಗುಂಡಿ ಒತ್ತಬೇಕಿತ್ತು; ಒತ್ತದೆ ಕೂತರೆ ಇವರಿಗೆ ತಡೆಯುತ್ತಿರಲಿಲ್ಲ. "ಹೂಂ, ಒತ್ತಿ, ಒತ್ತಿ" ಎಂದು ಹುರಿದುಂಬಿಸುತ್ತಿದ್ದರು. ಹೇಳಿಸಿಕೊಂಡು ಒತ್ತಿದ್ದು ಸ್ವಂತ ಇಚ್ಛೆ ಹೇಗಾದೀತು? ಎರಡು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. "ಅವತ್ತಿಂದ ಬಾಯಿಗೆ ಬೀಗ ಹಾಕ್ಕೊಂಡೆ ನೋಡಿ."

ಕಳೆದ ವರ್ಷ ಬಸ್ ಚಾಲಕರೊಬ್ಬರು ತಲೆಗೆ ಪೆಟ್ಟಾಗಿ ಐದು ತಿಂಗಳು ಮಲಗಿದಲ್ಲೇ ಇದ್ದರು. ಬಲ ಹೆಬ್ಬೆರಳು ಮಾತ್ರ ಆಗೊಮ್ಮೆ ಈಗೊಮ್ಮೆ ಅದುರುತ್ತಿತ್ತು. "ಬೇಕು ಅಂತಾನೇ ಅಲ್ಲಾಡಿಸ್ತಾರೆ," ಎಂದು ಹೆಂಡತಿ ಕಂಡಕಂಡವರಿಗೆಲ್ಲ ಹೇಳಿದರು. ಎತ್ತಿ ಎಂದಾಗ ಎತ್ತಲಿಲ್ಲವಾದ್ದರಿಂದ ವೈದ್ಯರು ಅದನ್ನು ಬರೀ ಸೆಳೆತ ಎಂದರು. ಸೋಮವಾರದಿಂದ ವ್ಯಾಯಾಮ ಚಿಕಿತ್ಸೆ ನಿಲ್ಲಿಸುವುದೆಂದು ತೀರ್ಮಾನವೂ ಆಯಿತು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ ಡಾಕ್ಟ್ರೇ, ಒಂದ್ಸಲ ನೋಡೇಬಿಡೋಣ," ಎಂದು ಗೋಂದಕ್ಕ ಹಿರಿಯ ವೈದ್ಯೆಯ ಬೆನ್ನು ಬಿದ್ದರು. ಒಪ್ಪಿಗೆ ಸಿಕ್ಕಿತು. ತಲೆಗೂ ಹೆಬ್ಬೆರಳ ಬುಡಕ್ಕೂ ವೈರು ಅಂಟಿಸಿದರು. "ಅಣ್ಣಾ, ನಾನೇನೂ ಹೇಳಲ್ಲ. ನಿಮಗೆ ಯಾವಾಗ ಮನಸ್ಸಾಗುತ್ತೋ ಆಗ ಎತ್ತಿ, ಅವಸರ ಇಲ್ಲ." ಹಾಗೆಂದವರು ಮೂರು ಗಂಟೆ ತುಟಿ ಪಿಟಕ್ಕೆನ್ನಲಿಲ್ಲ.

ಬೆರಳು ನಲವತ್ತೆರಡು ಸಲ ಅದುರಿತು. ಅಷ್ಟನ್ನೂ ಸೇರಿಸಿ ಸರಾಸರಿ ತೆಗೆದರೆ, ಅದುರುವ ಮೊದಲು ಅಲೆ ಎದ್ದಿತ್ತು! ಹೇಳಿದ ಗಳಿಗೆಗೆ ಎತ್ತುವ ತ್ರಾಣವಿರಲಿಲ್ಲ, ಅಷ್ಟೇ, ಮನಸ್ಸು ಗಟ್ಟಿಯಾಗಿತ್ತು. ಹಿರಿಯ ವೈದ್ಯೆ ಪರದೆಯನ್ನು ಮತ್ತೆ ಮತ್ತೆ ನೋಡಿ, ಚಿಕಿತ್ಸೆ ಮುಂದುವರಿಸಿ ಎಂದು ಬರೆದುಕೊಟ್ಟರು. ಹೆಂಡತಿ ಅಲ್ಲೇ ಗೋಡೆಗೊರಗಿ ಗಳಗಳನೆ ಅತ್ತರು.

ಹೋದ ವಾರ ನಾನು ಗೋಂದಕ್ಕನ ಕೋಣೆಗೆ ಹೋದಾಗ ಚಾಲಕರು ಗಾಲಿಕುರ್ಚಿಯಲ್ಲಿ ಕೂತು ಮರುಪರೀಕ್ಷೆ ಮುಗಿಸಿದ್ದರು. ಹೆಂಡತಿ ಒದ್ದೆ ಬಟ್ಟೆಯಿಂದ ಹಣೆಯ ಅಂಟು ಒರೆಸುತ್ತಲೇ ಇದ್ದರು. ಒರೆಸಿದರು, ಇನ್ನೂ ಒರೆಸಿದರು. ಚಾಲಕರ ಬಲಗೈ ಮೆಲ್ಲಗೆ ಮೇಲೆದ್ದು ಆ ಬಟ್ಟೆಯನ್ನು ಪಕ್ಕಕ್ಕೆ ತಳ್ಳಿತು.

ಗೋಂದಕ್ಕ ನನ್ನ ತೋಳು ಹಿಡಿದು ಅಲುಗಾಡಿಸಿದರು. "ಸಾಕು ಅಂತಿದ್ದಾರೆ ಕಣ್ರೀ! ಯಾರಾದ್ರೂ ಹೇಳಿಕೊಟ್ರಾ? ಅವರಿಗೇ ಬೇಡ ಅನ್ನಿಸ್ತು, ತಳ್ಳಿದ್ರು!"