ಮಗ್ಗದ ಪಕ್ಕದ ಗೋಡೆ

ಕೊಳ್ಳೇಗಾಲ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ನಮ್ಮ ಮನೆಯಲ್ಲಿ ಮಗ್ಗದ ಪಕ್ಕದ ಹಳೇ ಗೋಡೆ ಕೆಡವಿ, ಹನೂರಿನ ಗಾರೆಯವನೊಬ್ಬನಿಂದ ಹೊಸದು ಕಟ್ಟಿಸಿದೆ. ಸುಮ್ಮನಿದ್ದಾಗ ಗೋಡೆ ಚೆನ್ನಾಗೇ ಇತ್ತು. ನಾನು ನೆಯ್ಯಲು ಕೂತರೆ ಸಾಕು, ಅದುರಿ ಅದುರಿ ಮಣ್ಣು ಉದುರಿಸುತ್ತಿತ್ತು. ಅದರ ಆಚೆ ಬದಿಗೇ ಎದ್ದು ಓಡಾಡಲಾರದ ನಮ್ಮವ್ವನ ಹಾಸಿಗೆ.

ಗಾರೆಯವನು ತಪ್ಪು ಒಪ್ಪಲಿಲ್ಲ. ನಮ್ಮ ನೇಕಾರರ ಬೀದಿಯ ಯಜಮಾನರನ್ನು ಕರೆದೆ. ಅವರು ನ್ಯಾಯಕ್ಕೆ ಕೂತಾಗ ಯಾರೂ ಮಗ್ಗ ಆಡಿಸಬಾರದು, ಅದು ಬೀದಿಯ ಕಟ್ಟಳೆ. ಎಲ್ಲ ಮಗ್ಗಗಳೂ ನಿಂತವು. ಯಜಮಾನರು ಗೋಡೆಗೆ ಅಂಗೈ ಒತ್ತಿದರು.

"ಎಲ್ಲಿ ಅದುರ್ತದ್ಲಾ?"

"ಒಸಿ ನೇದು ತೋರುಸ್ತೀನಿ, ಯಜಮಾನ್ರೇ," ಅಂದೆ.

"ನ್ಯಾಯದ ಮುಂದೆ ಮಗ್ಗ ಆಡುಸ್ತೀಯೇನ್ಲಾ? ತಪ್ಪುದಂಡ ಕಟ್ಟಬೇಕಾಯ್ತದೆ!"

ಗಾರೆಯವನು ಕೈ ಮುಗಿದ. "ನೀವೇ ನೋಡಿ ಸ್ವಾಮಿ, ಬಂಡೆ ನಿಂತಂಗೆ ನಿಂತದೆ."

ತೀರ್ಪು ಅವನ ಕಡೆಗಾಯಿತು.

ಅವರೆಲ್ಲ ಹೊರಟ ಮೇಲೆ ಬೀದಿಯಲ್ಲಿ ಒಂದೊಂದೇ ಮಗ್ಗ ಸದ್ದು ಮಾಡತೊಡಗಿತು. ನಾನು ಮಾತ್ರ ಕೂರಲಿಲ್ಲ. ಮೊದಲು ಅವ್ವನನ್ನು ಎತ್ತಿಕೊಂಡು ಬಂದು ಜಗುಲಿಯ ಮೇಲೆ ಮಲಗಿಸಿದೆ.

"ನ್ಯಾಯ ಏನಾಯ್ತಪ್ಪ?" ಎಂದು ಕೇಳಿದಳು.

"ಗೋಡೆ ಗಟ್ಟಿಯಾಗೇ ಅದಂತೆ ಕಣವ್ವ," ಅಂದೆ, ಅವಳ ತಲೆಗೂದಲಿನಿಂದ ಮಣ್ಣು ಕೊಡವುತ್ತಾ.