ಚಟ್ನಿಯ ಮೇಲೆ ಬಂದ ಅಪವಾದ

ಅಪ್ಪನ ದವಡೆ ಹಲ್ಲು ಕೆಟ್ಟದ್ದಕ್ಕೂ ನಮ್ಮ ಅಡುಗೆ ಭಟ್ಟರು ಹೋಟೆಲು ಬಿಟ್ಟುಹೋದದ್ದಕ್ಕೂ ಸಂಬಂಧವಿದೆಯೆಂದು ಆಗ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ನಮ್ಮದು ಕಲ್ಕತ್ತದ ಖಿದಿರ್‌ಪುರದಲ್ಲಿ, ಟ್ರಾಮ್ ಡಿಪೋದ ಹತ್ತಿರ, ಇಡ್ಲಿ ದೋಸೆಯ ಸಣ್ಣ ಹೋಟೆಲು. ಮಹಡಿಯ ಮೇಲೆ ಮನೆ. ಉಡುಪಿ ಕಡೆಯಿಂದ ಬಂದ ಅಪ್ಪ ಅದನ್ನು ಶುರುಮಾಡಿದಾಗಲೇ ತಮ್ಮ ಊರಿನ ಭಟ್ಟರನ್ನೂ ಕರೆತಂದಿದ್ದರು. ಭಟ್ಟರು ಅಪ್ಪನಿಗಿಂತ ಕಿರಿಯರು, ಮದುವೆಯಾಗಿರಲಿಲ್ಲ, ಅಡುಗೆಮನೆಯ ಹಿಂದಿನ ಕೋಣೆಯೇ ಅವರ ಮನೆ. ನಾನು ಹುಟ್ಟಿದಾಗಿನಿಂದ ಆ ಒಲೆಯ ಮುಂದೆ ಬೇರೆ ಯಾರನ್ನೂ ನೋಡಿದವಳಲ್ಲ.

ದಿನಾ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಒಂದು ಶಾಸ್ತ್ರ ನಡೆಯುತ್ತಿತ್ತು. ಭಟ್ಟರು ಬಟ್ಟಲಲ್ಲಿ ತೆಂಗಿನಕಾಯಿ ಚಟ್ನಿ ತಂದು ಗಲ್ಲಾದ ಮೇಲೆ ಇಡುವುದು, ಅಪ್ಪ ಒಂದು ಚಮಚ ಬಾಯಿಗೆ ಹಾಕಿಕೊಂಡು ತಲೆಯಾಡಿಸುವುದು. ಆಮೇಲೆಯೇ ಹಡಗುಗಳ ಡಾಕ್ ಕಡೆಗೆ ಹೋಗುವ ಗುಮಾಸ್ತರಿಗೂ ಕೂಲಿಗಳಿಗೂ ತಿಂಡಿ. ಅಪ್ಪ ಹೊಗಳಿದ್ದನ್ನು ನಾನು ಕೇಳಿಲ್ಲ. ತಲೆಯಾಡಿಸಿದರೆ ಅದೇ ಭಟ್ಟರಿಗೆ ಬಿರುದು.

ಹಲ್ಲು ನೋಡಿದ ದಂತವೈದ್ಯರು ಬೇರಿನಲ್ಲಿ ಕೀವು ತುಂಬಿದೆ, ಕ್ಯಾಪ್ಸೂಲು ನುಂಗಿ ಊತ ಇಳಿದ ಮೇಲೆ ಬನ್ನಿ, ಕೀಳೋಣ ಎಂದಿದ್ದರು. ಊತ ಇಳಿಯಿತು, ಅಪ್ಪ ಹೋಗಲಿಲ್ಲ. ಕೆಂಬಾವುಟ ಹಿಡಿದು ಬಂದ ಯೂನಿಯನ್‌ನವರ ಎದುರು ಏರುದನಿಯಲ್ಲಿ ಮಾತಾಡುತ್ತಿದ್ದ ಮನುಷ್ಯ ಒಂದು ಇಕ್ಕಳಕ್ಕೆ ಹೆದರಿದರು. ಹಲ್ಲು ಮತ್ತೆ ನೋಯತೊಡಗಿದಾಗ ಪಕ್ಕದ ಔಷಧಿ ಅಂಗಡಿಗೆ ಹೋಗಿ ಅದೇ ಕ್ಯಾಪ್ಸೂಲು ತಂದರು. ಆ ಅಂಗಡಿಯವರನ್ನು ಬಂಗಾಳಿ ರೂಢಿಯಂತೆ ದಾದಾ, ಅಂದರೆ ಅಣ್ಣ, ಎನ್ನುತ್ತಿದ್ದೆವು; ನಮ್ಮಲ್ಲಿ ದಿನಾ ದೋಸೆ ತಿನ್ನುವವರು, ಡಾಕ್ಟರ ಚೀಟಿ ಕೇಳುವ ಪೈಕಿ ಅಲ್ಲ. ಹೀಗೆ ನೋವು ಬಂದಾಗಲೆಲ್ಲ ಕ್ಯಾಪ್ಸೂಲು, ಹೋದ ಕೂಡಲೇ ಬಂದ್. ಅಮ್ಮ ಗೊಣಗಿದರೆ, ಹಲ್ಲು ಯಾರದು, ನಿನ್ನದಾ ಎಂದು ಬಾಯಿ ಮುಚ್ಚಿಸುತ್ತಿದ್ದರು.

ಆ ಮಳೆಗಾಲದಲ್ಲಿ ಅಪ್ಪನಿಗೆ ಭೇದಿ ಶುರುವಾಯಿತು. ನೀರು ನೀರಾಗಿ, ಹೊಟ್ಟೆ ಹಿಂಡಿ, ಕೂತಲ್ಲಿ ಕೂರಲು ಬಿಡದ ಹಾಗೆ. ಕಲ್ಕತ್ತದಲ್ಲಿ ಹೊಟ್ಟೆ ಕೆಡುವುದೇನೂ ದೊಡ್ಡ ಸುದ್ದಿಯಲ್ಲ, ಬಂಗಾಳಿಗಳಲ್ಲಿ ಅದು ಹವಾಮಾನದಷ್ಟೇ ಸಲೀಸಾಗಿ ಮಾತಿಗೆ ಬರುವ ವಿಷಯ. ಆದರೆ ಹೋಟೆಲಿನವರ ಮನೆಯಲ್ಲಿ ಹಾಗಲ್ಲ. ಯಜಮಾನನಿಗೇ ಭೇದಿಯೆಂದು ಪಾಡಾದಲ್ಲಿ, ಅಂದರೆ ನಮ್ಮ ಕೇರಿಯಲ್ಲಿ, ಗೊತ್ತಾದರೆ ಮರುದಿನ ಯಾರು ಬಂದು ಇಡ್ಲಿ ತಿನ್ನುತ್ತಾರೆ? ಗಲ್ಲಿಯ ಡಾಕ್ಟರ ಬಳಿ ಹೋಗಲು ಅಪ್ಪ ಒಪ್ಪಲಿಲ್ಲ. ದಾದಾನ ಹತ್ತಿರ, ಊರಿಂದ ನೆಂಟರು ಬಂದಿದ್ದಾರೆ, ಅವರಿಗೆ ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ ಭೇದಿ ಕಟ್ಟುವ ಮಾತ್ರೆಯನ್ನೂ ಇನ್ನೊಂದು ಜಾತಿಯ ಕ್ಯಾಪ್ಸೂಲನ್ನೂ ತಂದರು. ಇಲ್ಲದ ಆ ನೆಂಟರ ಆರೋಗ್ಯವನ್ನು ದಾದಾ ದಿನಾ ದೋಸೆ ತಿನ್ನುತ್ತಾ ವಿಚಾರಿಸುತ್ತಿದ್ದರು. ಅಮ್ಮ ದಾಳಿಂಬೆ ಸಿಪ್ಪೆಯ ತಂಬುಳಿ ಮಾಡಿಕೊಟ್ಟಳು. ಯಾವುದಕ್ಕೂ ಜಗ್ಗಲಿಲ್ಲ.

ಆಗ ಅಪ್ಪನ ತಲೆ ಅಡುಗೆಮನೆಯ ಕಡೆ ತಿರುಗಿತು. ನೀರಿನ ಟ್ಯಾಂಕು ತೊಳೆಸಿದರು, ರುಬ್ಬುವ ಕಲ್ಲಿಗೆ ಬಿಸಿನೀರು ಹಾಕಿಸಿದರು. ಭೇದಿ ನಿಲ್ಲಲಿಲ್ಲ. ಬೆಳಿಗ್ಗೆ ಬರಿಹೊಟ್ಟೆಗೆ ತಾನು ತಿನ್ನುವುದು ಚಟ್ನಿ ಒಂದನ್ನೇ, ಹಾಗಾದರೆ ಚಟ್ನಿಯಲ್ಲೇ ದೋಷ ಎಂದು ತೀರ್ಮಾನಿಸಿದರು. ಅದೇ ಚಟ್ನಿ ತಿಂದ ಗಿರಾಕಿಗಳಲ್ಲಿ ಒಬ್ಬರಿಗೂ ಏನೂ ಆಗಿಲ್ಲವಲ್ಲ ಎಂದೆ. ಅವರದ್ದು ಬೀದಿಯ ಪಾನಿಪುರಿ ಫುಚ್ಕಾ ತಿಂದು ಗಟ್ಟಿಯಾದ ಹೊಟ್ಟೆ ಎಂದು ನನ್ನನ್ನು ಸುಮ್ಮನಾಗಿಸಿದರು. ನಾನಾಗ ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತಿದ್ದೆ. ಮನೆಯಲ್ಲಿ ಅದಕ್ಕೆ ಕವಡೆ ಕಾಸಿನ ಬೆಲೆ ಇರಲಿಲ್ಲ.

ಒಂದು ಬೆಳಿಗ್ಗೆ ಭಟ್ಟರು ಎಂದಿನಂತೆ ಬಟ್ಟಲು ತಂದಿಟ್ಟರು. ಅಪ್ಪ ಅದನ್ನು ಆಚೆ ಸರಿಸಿದರು.

"ನಿಮ್ಮ ಕೈಯದ್ದು ಇನ್ನು ಬೇಡ ಭಟ್ರೇ. ನನ್ನನ್ನು ಕೊಲ್ಲುವುದುಂಟಾ ನೀವು?"

ಬೇರೆ ಕೆಲಸದವರಾಗಿದ್ದರೆ ಸಂಜೆಯೊಳಗೆ ಬಾಗಿಲಲ್ಲಿ ಯೂನಿಯನ್‌ನವರ ಘೋಷಣೆ ಏಳುತ್ತಿತ್ತು. ಆ ವರ್ಷಗಳಲ್ಲಿ ಲೋಟ ತೊಳೆಯುವವನನ್ನು ತೆಗೆಯಲೂ ಮಾಲೀಕರು ಹತ್ತು ಸಲ ಯೋಚಿಸಬೇಕಿತ್ತು. ಭಟ್ಟರು ಯಾರಲ್ಲಿಗೂ ಹೋಗಲಿಲ್ಲ. ಆ ದಿನದ ಹಿಟ್ಟು ಮುಗಿಯುವವರೆಗೆ ಇಡ್ಲಿ ಬೇಯಿಸಿ, ಒಲೆ ಒರೆಸಿ, ಅಮ್ಮನಿಗೆ ಹೇಳಿ ಟ್ರಂಕು ಹಿಡಿದು ಹೊರಟರು. ಹೌರಾ ಸ್ಟೇಷನ್ನಿನ ಹತ್ತಿರ ನಮ್ಮ ಕಡೆಯವರೊಬ್ಬರ ಕ್ಯಾಂಟೀನಿನಲ್ಲಿ ಸೇರಿಕೊಂಡರೆಂದು ಆಮೇಲೆ ತಿಳಿಯಿತು. ನನಗೆ ಅಪ್ಪನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ಅವರ ಕಾಯಿಲೆಯೂ ಮರೆತುಹೋಗಿತ್ತು.

ಭಟ್ಟರಿಲ್ಲದ ಆ ವಾರ ಕಾಯಿಲೆ ಕಡಿಮೆಯಾಗುವ ಬದಲು ಏರಿತು. ಜ್ವರ ಬಂತು, ಹೊಟ್ಟೆ ಉಬ್ಬಿ ಗಟ್ಟಿಯಾಯಿತು, ಅಪ್ಪ ಗೋಡೆ ಹಿಡಿದು ನಡೆಯುವಂತಾದರು. ಅಮ್ಮ ಇನ್ನು ಯಾರ ಮಾತೂ ಕೇಳುವುದಿಲ್ಲವೆಂದು ಟ್ಯಾಕ್ಸಿ ತರಿಸಿದಳು. ಪಾಡಾದವರೆಲ್ಲ ನೋಡುತ್ತಿದ್ದ ಹಾಗೆಯೇ ಅಪ್ಪನನ್ನು ಹಿಡಿದು ಕೂರಿಸಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಅಲ್ಲಿನ ಡಾಕ್ಟರು ಮಧ್ಯವಯಸ್ಸಿನ ಬಂಗಾಳಿ ಹೆಂಗಸು, ಮೃದುವಾಗಿ ಮಾತಾಡಿ ಗಡಸಾಗಿ ನೋಡುವವರು. ಇದಕ್ಕೆ ಮೊದಲು ಏನು ಔಷಧಿ ತೆಗೆದುಕೊಂಡಿರಿ ಎಂದು ಕೇಳಿದರು. ಏನೂ ಇಲ್ಲ ಎಂದರು ಅಪ್ಪ. ಸುಳ್ಳು ಹೇಳುವ ಉದ್ದೇಶ ಅವರಿಗಿರಲಿಲ್ಲ. ಹಲ್ಲಿನ ಔಷಧಿ ಹಲ್ಲಿನ ಲೆಕ್ಕಕ್ಕೆ, ಅದಕ್ಕೂ ಹೊಟ್ಟೆಗೂ ಏನು ಎಂಬುದು ಅವರ ತಿಳುವಳಿಕೆ. ನಾನು ಮಧ್ಯೆ ಬಾಯಿ ಹಾಕಿ ಹಲ್ಲು, ಕ್ಯಾಪ್ಸೂಲು, ದಾದಾ, ಇಲ್ಲದ ನೆಂಟರು ಎಲ್ಲವನ್ನೂ ಬಂಗಾಳಿಯಲ್ಲಿ ಒದರಿದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು.

ಆ ಕ್ಯಾಪ್ಸೂಲುಗಳನ್ನೂ ಭೇದಿ ಕಟ್ಟುವ ಮಾತ್ರೆಯನ್ನೂ ಅಂದೇ ನಿಲ್ಲಿಸಿದರು. ಕೊಳವೆ ಹಾಕಿ ನೋಡಿದಾಗ ಕರುಳಿನ ಒಳಗೆ ಅಲ್ಲಲ್ಲಿ ಹಳದಿ ಪದರ ಕಟ್ಟಿತ್ತಂತೆ. ಕರುಳಿನಲ್ಲಿ ನಮಗೆ ಬೇಕಾದ ಸೂಕ್ಷ್ಮಜೀವಿಗಳು ತುಂಬಿಕೊಂಡಿರುತ್ತವೆ, ಹಲ್ಲಿಗೆಂದು ನುಂಗಿದ ಆ್ಯಂಟಿಬಯಾಟಿಕ್ ಕೀವು ಮಾಡಿದ ಕ್ರಿಮಿಗಳ ಜೊತೆ ಅವನ್ನೂ ಕೊಂದಿದೆ, ಜಾಗ ಖಾಲಿಯಾದದ್ದೇ ಒಂದು ಕೆಟ್ಟ ಜಾತಿಯದ್ದು ಬೆಳೆದು ವಿಷ ಬಿಡುತ್ತಿದೆ ಎಂದರು. ಅದನ್ನು ಕೊಲ್ಲುವ ಬೇರೆ ಮಾತ್ರೆ ಶುರುಮಾಡಿದರು. ಹೊಟ್ಟೆ ಇನ್ನೂ ಉಬ್ಬಿದರೆ ಕರುಳು ಒಡೆಯಬಹುದು, ಆಗ ಕತ್ತರಿಸಬೇಕಾಗುತ್ತದೆ ಎಂದು ಹೊರಗೆ ಕರೆದು ನನ್ನೊಬ್ಬಳಿಗೇ ಹೇಳಿದರು. ಅಮ್ಮನಿಗೆ ಹೇಳಲಿಲ್ಲ.

ಅಪ್ಪ ಮಂಚದಲ್ಲಿ ಸಣ್ಣಗಾಗಿ ಮಲಗಿದ್ದರು. ಡಾಕ್ಟರು ಏನೆಂದರು ಎಂದು ಕೇಳಿದರು. ಕಾಲೇಜಿನ ಭಾಷೆಯಲ್ಲಿ ಶುರುಮಾಡಿ ಎರಡು ಮಾತಿಗೇ ಸೋತೆ. ಕೊನೆಗೆ ಅವರದ್ದೇ ಕಸುಬಿಗೆ ಬಂದೆ.

"ಹುಳಿ ಬಂದ ಇಡ್ಲಿಹಿಟ್ಟಿಗೆ ಕುದಿಯುವ ನೀರು ಹೊಯ್ದ ಹಾಗೆ ಆಗಿದೆ ಅಪ್ಪ. ಉಬ್ಬಿಸುವುದೆಲ್ಲ ಸತ್ತಿದೆ. ಇನ್ನು ಆ ಹಿಟ್ಟು ಕೊಳೆಯುವುದೇ ಅಲ್ಲವಾ?"

ಹಿಟ್ಟಿನ ವಿಷಯ ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಹಾಗಾದರೆ ಭಟ್ರದ್ದು ಎಂತದೂ ಇಲ್ಲ," ಎಂದರು.

ಕರುಳು ಒಡೆಯಲಿಲ್ಲ. ಹೊಟ್ಟೆಯ ಉಬ್ಬರ ನಿಧಾನಕ್ಕೆ ಇಳಿಯಿತು. ಮನೆಗೆ ಬಂದ ಮೇಲೆ ಭೇದಿ ಒಂದು ಸಲ ಮರುಕಳಿಸಿ ನಮ್ಮನ್ನೆಲ್ಲ ಹೆದರಿಸಿತು, ಮತ್ತೆ ಅದೇ ಮಾತ್ರೆಗೆ ಬಗ್ಗಿತು. ಚೇತರಿಸಿಕೊಂಡ ಅಪ್ಪ ಮೊದಲು ಮಾಡಿದ ಕೆಲಸ ಹಲ್ಲು ಕೀಳಿಸಿಕೊಂಡದ್ದು. ಎರಡನೆಯದು, ನನ್ನನ್ನು ಜೊತೆಗೆ ಕರೆದುಕೊಂಡು ಹೌರಾದ ಬಸ್ಸು ಹತ್ತಿದ್ದು.

ಕ್ಯಾಂಟೀನು ರೈಲಿಗೆ ಹೊರಟವರಿಂದ ಗಿಜಿಗುಡುತ್ತಿತ್ತು. ದಾರಿಯುದ್ದಕ್ಕೂ ಬಾಯಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದ ಅಪ್ಪ, ಬೆಂಚಿನಲ್ಲಿ ಕೂತು ಇಡ್ಲಿ ಹೇಳಿದರು. ಭಟ್ಟರೇ ತಂದಿಟ್ಟರು. ತಟ್ಟೆಯಲ್ಲಿ ಇಡ್ಲಿ ಇತ್ತು, ಸಾಂಬಾರು ಇತ್ತು, ಚಟ್ನಿ ಇರಲಿಲ್ಲ.

"ಚಟ್ನಿ ಬೇಡ ಅಣ್ಣ. ನಿಮಗೆ ಆಗುವುದಿಲ್ಲ," ಎಂದರು ಭಟ್ಟರು. ಆ ಮಾತಿನಲ್ಲಿ ಕುಹಕವಿರಲಿಲ್ಲ. ಅವರು ಅದನ್ನು ನಂಬಿಬಿಟ್ಟಿದ್ದರು. ತನ್ನ ಕೈಯಿಂದಲೇ ಅಣ್ಣನಿಗೆ ಹಾಗಾಯಿತೆಂದು ಇಷ್ಟು ದಿನ ಒಳಗೊಳಗೇ ಬೆಂದಿದ್ದರೆಂದು ಆ ಮುಖ ನೋಡಿದಾಗ ನನಗೆ ತಿಳಿಯಿತು.

ಅಪ್ಪ ಜೋಡಿಸಿಕೊಂಡು ಬಂದದ್ದೆಲ್ಲ ಎಲ್ಲಿ ಹೋಯಿತೋ. ಹತ್ತು ಜನರಿಗೆ ಕೇಳುವ ಹಾಗೆ, "ನನ್ನ ಹೊಟ್ಟೆ ಕೆಡಿಸಿದ್ದು ನಾನೇ ನುಂಗಿದ ಕ್ಯಾಪ್ಸೂಲು ಭಟ್ರೇ, ನಿಮ್ಮ ಚಟ್ನಿ ಅಲ್ಲ. ಬಡಿಸಿ," ಎಂದರು. ಭಟ್ಟರು ಬಡಿಸಿದರು. ಅಪ್ಪ ತಟ್ಟೆ ಬಳಿದು ತಿಂದರು. ನಾನು ಅಳು ಬಂದದ್ದು ಕಾಣಬಾರದೆಂದು ನೀರು ಕುಡಿದೆ.

ತಿಂಗಳು ಕಳೆಯುವುದರೊಳಗೆ ಭಟ್ಟರು ಅದೇ ಟ್ರಂಕು ಹಿಡಿದು ವಾಪಸು ಬಂದರು. ಒಲೆ, ಹಿಂದಿನ ಕೋಣೆ, ಬೆಳಗಿನ ಶಾಸ್ತ್ರ ಎಲ್ಲ ಮೊದಲಿನಂತೆಯೇ. ಒಂದು ಮಾತ್ರ ಹೊಸತು. ಚಟ್ನಿಯ ಬಟ್ಟಲನ್ನು ಗಲ್ಲಾದ ಮೇಲೆ ಇಡುವ ಮೊದಲು ಭಟ್ಟರು ಅದರಿಂದ ಒಂದು ಚಮಚ ತೆಗೆದು, ಅಪ್ಪನ ಎದುರೇ ನಿಂತು, ತಾವು ತಿನ್ನುತ್ತಿದ್ದರು. ಬೇಡ ಭಟ್ರೇ ಎಂದು ಅಪ್ಪ ಎಷ್ಟೋ ಸಲ ಹೇಳಿದರು, ಒಮ್ಮೆ ಕೈಯನ್ನೂ ಹಿಡಿದರು. ಇರಲಿ ಅಣ್ಣ ಎನ್ನುತ್ತಿದ್ದರು. ಮುಂದೆ ಹೋಟೆಲನ್ನೇ ಮುಚ್ಚುವವರೆಗೂ ದಿನಾ ಬೆಳಿಗ್ಗೆ ಮೊದಲ ಚಮಚ ಅವರದ್ದೇ ಆಗಿತ್ತು, ಮತ್ತು ಆ ಹೊತ್ತಿಗೆ ಅಪ್ಪ ತಲೆ ತಗ್ಗಿಸಿ ಗಲ್ಲಾದ ಚಿಲ್ಲರೆ ಹುಡುಕುತ್ತಿದ್ದರು.