ಮೂರು ದಿನ ಹಚ್ಚಿದ ಗೇರೆಣ್ಣೆ

ಕೊರೊನಾ ಕಳೆದು ಶಾಲೆಗಳು ಮತ್ತೆ ಬಾಗಿಲು ತೆರೆದ ವರ್ಷ. ಅರಸೀಕೆರೆ ತಾಲ್ಲೂಕಿನಲ್ಲಿ, ಹಾರನಹಳ್ಳಿಗೆ ಹೆಚ್ಚು ದೂರವಿಲ್ಲದ ಒಂದು ಊರಿನ ಸರ್ಕಾರಿ ಆಯುರ್ವೇದ ಚಿಕಿತ್ಸಾಲಯದಲ್ಲಿ ನಾನು ವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿಯಿತ್ತು. ಮಂಡಿನೋವು, ಮೂಲವ್ಯಾಧಿಯವರ ಜೊತೆಗೆ, ಕೂದಲು ಉದುರುತ್ತದೆ ಎಂದು ಬರುವವರೂ ಆಗ ಹೆಚ್ಚಾಗಿದ್ದರು.

ಒಂದು ಸೋಮವಾರ ನಂಜೇಗೌಡರು ಮಗಳನ್ನು ಕರೆದುಕೊಂಡು ಬಂದರು. ಅವರು ನಿವೃತ್ತ ಹೆಡ್‌ಮಾಸ್ಟರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ಕೈಯಲ್ಲಿ ಡೈರಿ. ಮಗಳು ಶೈಲಜಾಳಿಗೆ ಇಪ್ಪತ್ತಾರು. ಬೇಲೂರಿನ ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ನಾನು ಅವಳನ್ನು ಕೇಳಿದ ಪ್ರಶ್ನೆಗಳಿಗೆಲ್ಲ ತಂದೆಯೇ ಉತ್ತರ ಕೊಟ್ಟರು. ನಿದ್ದೆ ಹೇಗಿದೆ ಎಂದರೆ, "ಚೆನ್ನಾಗೇ ಮಲಗ್ತಾಳೆ." ಮುಟ್ಟು ಸರಿಯಾಗಿದೆಯಾ ಎಂದರೆ, "ಎಲ್ಲಾ ಸರಿಯಾಗೈತೆ."

ಜಡೆ ಬಿಚ್ಚಿಸಿ ನೋಡಿದೆ. ನೆತ್ತಿಯ ಹಿಂದೆ ಎರಡು, ಬಲಗಿವಿಯ ಮೇಲೆ ಒಂದು, ನಾಣ್ಯದಗಲದ ಬೋಳು ಮಚ್ಚೆಗಳು. ಚರ್ಮ ನುಣುಪಾಗಿತ್ತು, ಕೆಂಪಿಲ್ಲ, ಹೊಟ್ಟಿಲ್ಲ, ತುರಿಕೆಯಿಲ್ಲ. ಹಳ್ಳಿಯವರು ಇದಕ್ಕೆ 'ಹುಳ ತಿಂದೈತೆ' ಎನ್ನುತ್ತಾರೆ. ಹುಳವೂ ಇಲ್ಲ, ಏನೂ ಇಲ್ಲ. ನಮ್ಮ ಶಾಸ್ತ್ರದಲ್ಲಿ ಇದರ ಹೆಸರು ಇಂದ್ರಲುಪ್ತ. ಪಿತ್ತವೂ ವಾತವೂ ಸೇರಿ ಕೂದಲನ್ನು ಬುಡದಿಂದ ಸಡಿಲಿಸುತ್ತವೆ, ಆಮೇಲೆ ಕಫ ಮತ್ತು ರಕ್ತ ಆ ರಂಧ್ರವನ್ನು ಮುಚ್ಚುತ್ತವೆ ಎಂಬುದು ಶಾಸ್ತ್ರದ ವಿವರಣೆ. ಇಂದಿನ ವೈದ್ಯರು ಅಲೋಪೇಷಿಯಾ ಏರಿಯೇಟಾ ಎನ್ನುತ್ತಾರೆ. ಹೆಸರು ಯಾವುದಾದರೂ ಮುಖ್ಯ ವಿಷಯ ಒಂದೇ: ಬುಡ ಸತ್ತಿರುವುದಿಲ್ಲ. ಎಷ್ಟೋ ಜನರಿಗೆ ಕೂದಲು ತಾನಾಗಿಯೇ ಮರಳಿ ಬರುತ್ತದೆ.

ತಲೆಗೆ ಗರುಗದ ಸೊಪ್ಪಿನ, ಅಂದರೆ ಭೃಂಗರಾಜದ ಎಣ್ಣೆ, ಹೊಟ್ಟೆಗೆ ಕಹಿ ತುಪ್ಪ ಮತ್ತು ನೆಲ್ಲಿಚೂರ್ಣ ಕೊಟ್ಟೆ. ಥೈರಾಯ್ಡ್ ಪರೀಕ್ಷೆ ಮಾಡಿಸಲು ಬರೆದೆ. "ಆರು ತಿಂಗಳು ತಾಳ್ಮೆ ಬೇಕು" ಎಂದೆ.

"ಆರು ತಿಂಗಳಾ? ಇನ್ನೈದು ವಾರಕ್ಕೆ ಹುಡುಗನ ಕಡೆಯವ್ರು ಬತ್ತಾವ್ರೆ ಮೇಡಂ. ಹಾಸನದಲ್ಲಿ ಲೆಕ್ಚರರು. ಬೇಗ ಬರಾಂಗೆ ಏನೂ ಇಲ್ವಾ ನಿಮ್ಮ ಶಾಸ್ತ್ರದಲ್ಲಿ? ಉರಿಯೋ ಲೇಪ ಇರ್ತಾವಂತಲ್ಲ?"

ಓದಿದ ಮನುಷ್ಯ, ಶ್ರದ್ಧೆಯಿಂದ ಕೇಳುತ್ತಿದ್ದಾರೆ. ನನಗೆ ಉತ್ಸಾಹ ಬಂತು. ಇದೆ, ಭಲ್ಲಾತಕ ಎನ್ನುತ್ತೇವೆ, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು ಎಂದು ವಿವರಿಸಿದೆ. ಶುದ್ಧಿ ಮಾಡದೆ ಮುಟ್ಟಿದರೆ ಬೊಬ್ಬೆ ಏಳುತ್ತದೆ, ಈ ರೋಗಿಗೆ ಅದರ ಅಗತ್ಯವೇ ಇಲ್ಲ ಎಂದೂ ಹೇಳಿದೆ. ಅವರು ಹೆಸರನ್ನು ಡೈರಿಯಲ್ಲಿ ಬರೆದುಕೊಂಡರು. ಒತ್ತಕ್ಷರ ಸರಿಯಿದೆಯೇ ಎಂದು ನನಗೇ ತೋರಿಸಿದರು.

ಎರಡು ವಾರದ ನಂತರ ಬಂದಾಗ ಕಿವಿಯ ಮೇಲಿನ ಮಚ್ಚೆಯಲ್ಲಿ ನವಿರಾದ ಬಿಳಿ ಕೂದಲು ಮೂಡಿತ್ತು. ಅವಳ ಕೈಗೆ ಕನ್ನಡಿ ಕೊಟ್ಟು ತೋರಿಸಿದೆ. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮೊದಲು ಹೀಗೆ ಬೆಳ್ಳಗೆ ಬಂದು ಆಮೇಲೆ ಕಪ್ಪಾಗುತ್ತದೆ ಎಂದೆ. ನಂಜೇಗೌಡರು ಬಗ್ಗಿ ನೋಡಿ, "ಮುದುಕಿ ಕೂದ್ಲು ಬತ್ತಾವಲ್ಲ. ಇದ್ನ ತೋರ್ಸಾದಾ ಅವ್ರಿಗೆ?" ಎಂದು ಎದ್ದರು.

ಮತ್ತೆ ಹತ್ತು ದಿನ ಕಳೆದಿರಬೇಕು. ತಾಯಿ ಜಯಮ್ಮ ಅವಳನ್ನು ಕರೆತಂದರು, ತಂದೆ ಬಂದಿರಲಿಲ್ಲ. ತಲೆಗೆ ಸುತ್ತಿದ್ದ ಟವೆಲ್ಲು ಕೀವಿಗೆ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ ಬಿಡಿಸಿದೆ. ನೆತ್ತಿಯಿಂದ ಬಲಗಿವಿಯವರೆಗೆ ಚರ್ಮ ಕಪ್ಪಾಗಿ ಸುಲಿದಿತ್ತು. ಹಣೆಯ ಮೇಲೆ ಬೊಬ್ಬೆ. ಮುಖ ಊದಿ ಬಲಗಣ್ಣು ಮುಚ್ಚಿಹೋಗಿತ್ತು. ಏನು ಹಚ್ಚಿದಿರಿ ಎಂದು ಕೇಳುವ ಮೊದಲೇ ನನಗೆ ಗೊತ್ತಾಗಿತ್ತು.

ಆಂಬುಲೆನ್ಸಿಗೆ ಫೋನ್ ಮಾಡಿ, ಜಯಮ್ಮನವರನ್ನು ಹೊರಗೆ ಕೂರಿಸಿದೆ. ಆಗಲೇ ಶೈಲಜಾ ಮೊದಲ ಬಾರಿಗೆ ತಾನಾಗಿ ಮಾತಾಡಿದ್ದು.

"ಹುಡುಗನಿಗೆ ನಾನೇ ಫೋನಲ್ಲಿ ಹೇಳ್ದೆ ಮೇಡಂ, ತಲೇಲಿ ಹೀಗಾಗಿದೆ ಅಂತ. ಪರವಾಗಿಲ್ಲ, ಬರ್ತೀವಿ ಅಂದ್ರು. ಅದನ್ನ ಅಪ್ಪಂಗೆ ಹೇಳಿದೆ. ಖುಷಿಯಾಗ್ತಾರೆ ಅಂದ್ಕೊಂಡಿದ್ದೆ."

"ಏನಂದ್ರು?"

"ನನ್ನ ಮಾನ ಹರಾಜು ಹಾಕ್ದೆ ಅಂದ್ರು. ಅರಸೀಕೆರೆ ಗ್ರಂಧಿಗೆ ಅಂಗಡಿಯಿಂದ ಕರಿಗೇರು ಬೀಜ ತಂದು ಮೊದಲೇ ಇಟ್ಟಿದ್ರಂತೆ. ಅವತ್ತು ಸಾಯಂಕಾಲಾನೇ ಸುಟ್ಟು ಎಣ್ಣೆ ತೆಗೆದು ಹಚ್ಚಿದ್ರು. ಉರಿ ಅಂದ್ರೆ, ಉರೀಲಿ, ಬುದ್ಧಿ ಬತ್ತದೆ ಅಂದ್ರು. ಮಾರನೇ ದಿನ ಬೊಬ್ಬೆ ಬಂದಿತ್ತು. ಅದರ ಮೇಲೇ ಹಚ್ಚಿದ್ರು. ಮೂರನೇ ದಿನಾನೂ."

"ನೀನು ತಪ್ಪಿಸಿಕೊಳ್ಳಲಿಲ್ಲವೇನಮ್ಮ?"

"ಅಮ್ಮ ಕೈ ಹಿಡ್ಕೊಂಡಿದ್ರು."

ಹೊರಗೆ ಬೆಂಚಿನ ಮೇಲೆ ಜಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದರು. ಅವರ ಅಂಗೈಗಳಲ್ಲೂ ಸಣ್ಣ ಬೊಬ್ಬೆಗಳಿದ್ದವು.

ಹಾಸನದ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದಳು. ಕಣ್ಣು ಉಳಿಯಿತು. ಗಾಯ ಮಾಗಿದ ಮೇಲೆ ನೋಡಿದೆ: ಚರ್ಮ ಮೇಣದ ಹಾಗೆ ಹೊಳೆಯುತ್ತಿತ್ತು, ಒಂದು ರಂಧ್ರವೂ ಕಾಣುತ್ತಿರಲಿಲ್ಲ. ಹುಟ್ಟಲು ಶುರುವಾಗಿದ್ದ ಕೂದಲು ಬುಡಸಮೇತ ಸುಟ್ಟುಹೋಗಿತ್ತು. ಯಾವ ಶಾಸ್ತ್ರವೂ ಅಲ್ಲಿ ಇನ್ನು ಕೂದಲು ತರಿಸಲಾರದು. ದೂರು ಕೊಡೋಣ, ನಾನು ಸಾಕ್ಷಿ ಹೇಳುತ್ತೇನೆ ಎಂದೆ. "ಆಮೇಲೆ ಯಾವ ಮನೆಗೆ ಹೋಗ್ಲಿ?" ಎಂದು ಕೇಳಿದಳು. ನಾನೂ ಮುಂದುವರಿಯಲಿಲ್ಲ. ಅವಳನ್ನು ಹಾಸನಕ್ಕೆ ಕಳಿಸುವ ಮುನ್ನ ಅವಳು ಹೇಳಿದ್ದನ್ನೆಲ್ಲ ಕೇಸ್ ಶೀಟಿನಲ್ಲಿ ಬರೆದಿದ್ದೆ, ಅಷ್ಟೇ.

ವಾರದ ಮೇಲೆ ನಂಜೇಗೌಡರು ಬಂದರು. ಅದೇ ಬಿಳಿ ಅಂಗಿ. "ಮೇಡಂ, ಇದು ಕಾಯಿಲೆಯಿಂದ್ಲೇ ಆಗಿದ್ದು ಅಂತ ಒಂದು ಸರ್ಟಿಫಿಕೇಟ್ ಬರ್ಕೊಡಿ. ಸಂಬಂಧ ತಂದ ಮಧ್ಯಸ್ಥಗಾರ್‌ಗೆ ತೋರಿಸ್ಬೇಕು."

"ಸುಟ್ಟದ್ದು ನೀವು."

"ನಿಮ್ಮ ಔಷಧಿ ತಾನೇ? ಹೆಸ್ರು ಹೇಳ್ಕೊಟ್ಟೋರು ನೀವೇ. ನಾನು ಬರ್ಕೊಂಡಿದೀನಿ, ತಾರೀಕು ಸಮೇತ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ದಡ್ಡ ಹುಡುಗನಿಗೆ ತಪ್ಪು ತೋರಿಸುವ ಮೇಷ್ಟರ ಹಾಗೆ ಹೇಳಿದರು. ನಾನು ಸರ್ಟಿಫಿಕೇಟ್ ಕೊಡಲಿಲ್ಲ. ಆದರೆ ಅವರು ಹೇಳಿದ್ದು ಸುಳ್ಳೂ ಆಗಿರಲಿಲ್ಲ.

ಆ ಸಂಬಂಧ ಮುರಿದುಬಿತ್ತು. ಕೂದಲಿಗಾಗಿ ಅಲ್ಲ. ಅವಳು ಆಸ್ಪತ್ರೆಯಲ್ಲಿದ್ದಾಗಲೇ ಹೋಗಿ ನೋಡಿಕೊಂಡು ಬಂದಿದ್ದ ಹುಡುಗನ ತಂದೆ, ಹೆತ್ತ ಮಗಳ ತಲೆ ಸುಡುವವರ ಮನೆಯ ನೆಂಟಸ್ತನ ತಮಗೆ ಬೇಡ ಎಂದರಂತೆ. ಅಪ್ಪ ಮಾಡಿದ್ದಕ್ಕೆ ಮಗಳಿಗೇ ಎರಡನೆಯ ಸಲ ಶಿಕ್ಷೆಯಾಯಿತು.

ಶೈಲಜಾ ಈಗ ಬೇಲೂರಿನಲ್ಲಿ ಜೊತೆಯ ಶಿಕ್ಷಕಿಯೊಬ್ಬರೊಂದಿಗೆ ಬಾಡಿಗೆ ಮನೆಯಲ್ಲಿದ್ದಾಳೆ. ಒಮ್ಮೆ ಹಳೇಬೀಡಿನ ಬಸ್ ನಿಲ್ದಾಣದಲ್ಲಿ ಸಿಕ್ಕಳು. ತಲೆಗೆ ಸ್ಕಾರ್ಫ್ ಕಟ್ಟಿದ್ದಳು. ನಾನು ಕ್ಷಮೆ ಕೇಳಿದೆ. ಅವಳು ಪರವಾಗಿಲ್ಲ ಎನ್ನಲಿಲ್ಲ. "ನೀವು ಎಲ್ಲಾ ಅಪ್ಪಂಗೇ ಹೇಳಿದ್ರಿ ಮೇಡಂ. ತಲೆ ನಂದಾಗಿತ್ತು" ಎಂದಳು. ಬಸ್ಸು ಬಂತು, ಹತ್ತಿಹೋದಳು.

ಮೂರು ದೋಷಗಳನ್ನು ತೂಗಿ ನೋಡುವುದನ್ನು ವೃತ್ತಿ ನನಗೆ ಬೇಗ ಕಲಿಸಿತ್ತು. ಔಷಧಿಯ ಹೆಸರನ್ನು ಯಾರ ಕಿವಿಗೆ ಹಾಕುತ್ತಿದ್ದೇನೆ ಎಂದು ತೂಗಿ ನೋಡುವುದನ್ನು ಕಲಿಯಲು ಒಬ್ಬ ಹುಡುಗಿಯ ತಲೆ ಸುಡಬೇಕಾಯಿತು. ಆಮೇಲಿನ ಮೂರು ವರ್ಷ, ಜೊತೆಗೆ ಬಂದವರು ಎಷ್ಟೇ ದೊಡ್ಡವರಾಗಿರಲಿ, ಮೊದಲು ಅವರನ್ನು ಹೊರಗೆ ಕಳಿಸುತ್ತಿದ್ದೆ. ಆಮೇಲೆ ರೋಗಿಯ ಕಡೆಗೆ ಕುರ್ಚಿ ತಿರುಗಿಸಿಕೊಂಡು, "ಈಗ ನೀನು ಹೇಳಮ್ಮ" ಎನ್ನುತ್ತಿದ್ದೆ.